ವಿಲಿಯಂ ಪೆನ್ನನ ಟೋಪಿ

ಮುಗಿಲೆತ್ತರದ ಸೌಧಗಳಿಗಿಂತ, ಬೆಳೆಯಬಲ್ಲುದಾಗಿಯೂ ಬೆಳೆಯದೆ ನಿಂತ ಊರೊಂದರ ಸಂಯಮವೇ ನನಗೆ ಹೆಚ್ಚಿನ ಬೆರಗು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಗರಸಭಾ ಭವನದ ಶಿಖರದ ಮೇಲೆ ಸ್ಥಾಪಕ ವಿಲಿಯಂ ಪೆನ್ನನ ಕಂಚಿನ ಪ್ರತಿಮೆಯುಂಟು. ನೆಲದಿಂದ 548 ಅಡಿ ಮೇಲಿರುವ ಅವನ ಟೋಪಿಯನ್ನು ಮೀರಿ ಯಾರೂ ಕಟ್ಟಬಾರದೆಂಬುದು ಅಲ್ಲಿಯ ಅಲಿಖಿತ ಕಟ್ಟಳೆಯಾಗಿತ್ತು. ಶಾಸನವಿಲ್ಲ, ದಂಡವಿಲ್ಲ; ಆದರೂ ದಶಕಗಳ ಕಾಲ ಧನಿಕರು ಅದಕ್ಕೆ ತಲೆಬಾಗಿದರು.

1987ರಲ್ಲಿ 945 ಅಡಿಯ ಒನ್ ಲಿಬರ್ಟಿ ಪ್ಲೇಸ್ ಆ ಮೇರೆಯನ್ನು ದಾಟಿತು. ಅನಂತರ ಊರಿನ ಕ್ರೀಡಾತಂಡಗಳು ಸೋತಾಗಲೆಲ್ಲ ಜನ ಅದನ್ನು ಪೆನ್ನನ ಶಾಪವೆಂದರು. 2007ರಲ್ಲಿ, ಇನ್ನೂ ಎತ್ತರದ ಕಾಮ್‌ಕ್ಯಾಸ್ಟ್ ಸೆಂಟರಿನ ಕೊನೆಯ ತೊಲೆಗೆ ಕೆಲಸಗಾರರು ಪುಟಾಣಿ ಪೆನ್ನನೊಬ್ಬನನ್ನು ಅಂಟಿಸಿದರು. ಮರುವರ್ಷವೇ ಫಿಲೀಸ್ ಬೇಸ್‌ಬಾಲ್ ತಂಡ ವರ್ಲ್ಡ್ ಸೀರೀಸ್ ಗೆದ್ದಿತು!

ಶಾಪವನ್ನು ನಾನು ನಂಬಲಾರೆ. ಆದರೆ ಎಷ್ಟು ಎತ್ತರಕ್ಕೇರಿದರೂ ತಲೆಯ ಮೇಲೊಬ್ಬ ಹಿರಿಯನಿರಲಿ ಎಂದು ಬಯಸಿದ ಆ ಕೆಲಸಗಾರರನ್ನು ನಂಬುತ್ತೇನೆ.