ಕಾಲುವೆಯ ಪಕ್ಕದ ಓಟ

ಐವತ್ತರ ವಯಸ್ಸಿನಲ್ಲಿ ಈ ಹುಚ್ಚೇಕೆಂದು ಮನೆಯವರು ನಕ್ಕರು. ಅರ್ಧ ಮ್ಯಾರಥಾನಿನ 21.0975 ಕಿಲೋಮೀಟರನ್ನು ಎರಡು ಗಂಟೆಯೊಳಗೆ ಓಡಬೇಕೆಂಬುದು ನನ್ನ ಸಂಕಲ್ಪವಾಗಿದ್ದಿತು. ಅದಕ್ಕೆ ಕಿಲೋಮೀಟರೊಂದಕ್ಕೆ 5 ನಿಮಿಷ 41 ಸೆಕೆಂಡು ಮೀರಕೂಡದು.

ಭೀಮರಾಯನಗುಡಿಯ ಕಾಲುವೆಯ ದಂಡೆಯ ಮೇಲೆ ನಸುಕಿನಲ್ಲಿ ಒಬ್ಬನೇ ಹೊರಟೆನು. ತಂಗಾಳಿಯ ಸುಖಕ್ಕೆ ಮರುಳಾಗಿ ಮೊದಲ ಐದು ಕಿಲೋಮೀಟರುಗಳನ್ನು 5 ನಿಮಿಷ 20 ಸೆಕೆಂಡಿನಂತೆ ಓಡಿ, 105 ಸೆಕೆಂಡು ಉಳಿಸಿದೆನೆಂದು ಹಿಗ್ಗಿದೆನು. ಆದರೆ ವೇಗ ಹೆಚ್ಚಿದಷ್ಟೂ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯು ಬೇಗ ತೀರುವುದು. ಹದಿನಾರನೆಯ ಕಿಲೋಮೀಟರಿನಲ್ಲಿ ಬಿಸಿಲೇರಿತು, ತೊಡೆಗಳು ಕಲ್ಲಾದವು. ಮುಗಿಸಿದಾಗ ಎರಡು ಗಂಟೆ ನಾಲ್ಕು ನಿಮಿಷವಾಗಿದ್ದಿತು.

ನಾರಾಯಣಪುರದ ಬಸವಸಾಗರದಿಂದ ಬಂದ ನೀರು ಪಕ್ಕದಲ್ಲಿ ಹೊರಟಾಗಿನ ನಡೆಯಲ್ಲಿಯೇ ಹರಿಯುತ್ತಿದ್ದಿತು. ಮೇಲಿನವರು ಮಿತಿಮೀರಿ ನೀರು ಹಾಯಿಸಿದರೆ ಕೊನೆಯ ಹೊಲ ಒಣಗುವುದೆಂಬುದನ್ನು ಈ ಸೀಮೆಯ ರೈತರೆಲ್ಲರೂ ಬಲ್ಲರು. ನಾನೂ ಬಲ್ಲೆನು, ನಮ್ಮದೂ ಕೊನೆಯ ಹೊಲವೇ. ಆದರೂ ಅಂದು ಮೇಲಿನವನು ನಾನೇ ಆಗಿದ್ದೆನು.