ಅವ್ವ ಡಾಕ್ಟರಿಗೆ ಹೇಳದ ಊಟ



ಇವತ್ತು ಹೋರಾಟದ ವಿಷಯ ಅಲ್ಲ, ಮನೆ ತಟ್ಟೆ ವಿಷಯ ಬರೀತಿದ್ದೀನಿ. ಸ್ವಲ್ಪ ಉದ್ದ ಇದೆ. ನಿಮ್ಮನೇಲಿ ಶುಗರ್, ಬಿಪಿ ಇರೋರಿದ್ದರೆ ಅವರಿಗೂ ಓದಿ ಹೇಳಿ.

ನಮ್ಮವ್ವನಿಗೆ ಹದಿನಾಲ್ಕು ವರ್ಷ ಶುಗರ್ ಇತ್ತು. ಕೆಸರೆಯಿಂದ ಎರಡು ತಿಂಗಳಿಗೊಮ್ಮೆ ನಾನೇ ತಪಾಸಣೆಗೆ ಕರ್ಕೊಂಡು ಹೋಗ್ತಿದ್ದೆ. "ಏನ್ ಊಟ ಮಾಡ್ತೀರಮ್ಮ?" ಅಂತ ಡಾಕ್ಟರ್ ಕೇಳಿದರೆ ಅವ್ವ ತಲೆ ತಗ್ಗಿಸಿ "ಅನ್ನ, ತಿಳಿಸಾರು ಸ್ವಾಮಿ" ಅಂತಿದ್ದಳು. ಮನೇಲಿ ದಿನಾ ಮುದ್ದೆ, ಭಾನುವಾರ ದನದ ಬಾಡು, ಮಧ್ಯೆ ಒಣಮೀನು. ಅದರಲ್ಲಿ ಒಂದೂ ಅಲ್ಲಿ ಬಾಯಿಗೆ ಬರ್ತಿರಲಿಲ್ಲ. "ಯಾಕವ್ವ ಸುಳ್ಳು ಹೇಳ್ದೆ?" ಅಂದರೆ, "ಅವ್ರ ಮುಂದೆ ಅದೆಲ್ಲ ಹೇಳಕಾಯ್ತದಾ ಮಗ?" ಅಂತಿದ್ದಳು.

ಅವಳು ಹೇಳಿದ ಊಟ ನಂಬಿ ಅವರು ಚೀಟಿ ಬರೆದರು. ಓಟ್ಸ್, ಚಪಾತಿ, ಸಲಾಡ್. ಅವ್ವ ಮೂರು ದಿನ ಓಟ್ಸ್ ಗಂಜಿ ಕುಡಿದಳು, ನಾಲ್ಕನೇ ದಿನ ಬಟ್ಟಲು ಪಕ್ಕಕ್ಕೆ ತಳ್ಳಿದಳು. ಚೀಟಿ ಟ್ರಂಕ್ ಸೇರಿತು. ಮುದ್ದೆ, ಅದರ ಮೇಲೆ ಅನ್ನ, ಮೊದಲಿನ ಹಾಗೇ ನಡೀತು. ಕೊನೆಗೆ ಕಾಲಿಗಾದ ಸಣ್ಣ ಗಾಯ ಮಾಯಲೇ ಇಲ್ಲ. ಎರಡು ಬೆರಳು ತೆಗೆದರು. ಅವ್ವ ಈಗಿಲ್ಲ.

41ನೇ ವಯಸ್ಸಿಗೆ ನನಗೂ ಬಂತು. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ 9.4. ಆಹಾರ ಸಲಹೆ ಕೊಡೋ ಹುಡುಗಿ ಅದೇ ಪ್ರಶ್ನೆ ಕೇಳಿದಾಗ ನನ್ನ ಬಾಯಿಗೂ "ಅನ್ನ ಸಾರು" ಅಂತಲೇ ಬಂತು. ಸ್ಟೇಜ್ ಮೇಲೆ ಆಹಾರದ ಹಕ್ಕಿನ ಬಗ್ಗೆ ಭಾಷಣ ಮಾಡೋಳು ನಾನು! ನಾಚಿಕೆ ಆಯ್ತು. ಎಲ್ಲ ಹೇಳಿದೆ.

ಅವರು ಮುಖ ಸಿಂಡರಿಸಲಿಲ್ಲ. "ಮುದ್ದೆ ಎಷ್ಟು ದಪ್ಪ, ಕೈಯಲ್ಲಿ ತೋರಿಸಿ" ಅಂದರು. ತೋರಿಸಿದೆ. "ಹೊಲದ ಕೆಲಸ ಮಾಡ್ತೀರಾ?" ಅಂದರು. ಇಲ್ಲ, ಆಫೀಸಲ್ಲಿ ಗುಮಾಸ್ತೆ. ಅವತ್ತು ಅರ್ಥ ಆಯ್ತು: ನಮ್ಮಜ್ಜಿ ಬೆಳಗಿಂದ ಸಂಜೆತನಕ ನಾಟಿ ಹಾಕಿ ತಿಂತಿದ್ದ ಮುದ್ದೇನ ನಾನು ಕುರ್ಚಿ ಮೇಲೆ ಕೂತು ಫೈಲ್ ತಳ್ಳಿ ತಿಂತಿದ್ದೀನಿ.

ರಾಗಿ ಶುಗರ್‌ಗೆ ಔಷಧಿ ಅಂತ ವಾಟ್ಸಾಪಲ್ಲಿ ಬರೋದನ್ನ ನಂಬಬೇಡಿ. 100 ಗ್ರಾಂ ರಾಗೀಲಿ 70 ಗ್ರಾಂ ಹತ್ತಿರ ಪಿಷ್ಟಾನೇ ಇದೆ. ಬಿಳಿ ಅಕ್ಕಿಗಿಂತ ನಾರು ಜಾಸ್ತಿ, ಸುಣ್ಣದಂಶ ಬಹಳ ಜಾಸ್ತಿ, ಅಷ್ಟೇ. ಈಗ ನನ್ನ ಮುದ್ದೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಮುದ್ದೆ ಉಂಡ ಹೊತ್ತು ಅನ್ನ ಇಲ್ಲ. ಬಸ್ಸಾರಿನ ಸೊಪ್ಪು, ಕಾಳಿನ ಪಲ್ಯ ಮೊದಲಿನ ಎರಡರಷ್ಟು. ಹುರುಳಿ, ಅವರೆ, ಮೊಟ್ಟೆ. ಉಪ್ಸಾರಿಗೆ ಹೆಸರಲ್ಲಿರೋ ಉಪ್ಪೇ ಸಾಕು ಅಂತ ಕೈ ಬಿಗಿ ಹಿಡಿದಿದ್ದೀನಿ, ಬಿಪೀನೂ ಇದೆಯಲ್ಲ. ಒಣಮೀನು ಎರಡು ಸಲ ಬಿಸಿನೀರಲ್ಲಿ ನೆನೆಸಿ ತೊಳೆದು, ತಿಂಗಳಿಗೊಂದು ದಿನ. ಬಾಡಾದರೆ ಕೊಬ್ಬು ತೆಗೆದು. ಏಪ್ರಿಲ್ 14ರ ಪಾಯಸ ಮಾತ್ರ ಬಿಡಲ್ಲ, ನಾಲ್ಕು ಚಮಚ ಕುಡಿದು ಅವತ್ತು ಮುದ್ದೆ ಅರ್ಧ ಮಾಡ್ತೀನಿ. ಇದು ನನ್ನ ಲೆಕ್ಕ. ಕಿಡ್ನಿ ತೊಂದರೆ ಇರೋರು ಬೇಳೆ, ಬಾಡು ಎಷ್ಟು ಅಂತ ಡಾಕ್ಟರನ್ನೇ ಕೇಳಿ.

ಮಾತ್ರೆ ಬಿಟ್ಟಿಲ್ಲ. ಒಂದು ಸಲ ರಜೆ ಹಾಕಿ ಧರಣಿಗೆ ಹೋದಾಗ ಮಾತ್ರೆ ನುಂಗಿ ತಿಂಡಿ ಮರೆತೆ. ಮೈ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂತು. ಪಕ್ಕದ ಅಕ್ಕ ಸಕ್ಕರೆ ನೀರು ಕುಡಿಸಿದರು. ಈಗ ಬ್ಯಾಗಲ್ಲಿ ಕರಪತ್ರದ ಜೊತೆ ಡಬ್ಬಿ, ಬೆಲ್ಲದ ಚೂರು ಇರ್ತದೆ. ಒಂದು ವರ್ಷಕ್ಕೆ ಎಚ್‌ಬಿಎ1ಸಿ 7.2ಕ್ಕೆ ಇಳೀತು.

ಎಲ್ಲಾನೂ ನಮ್ಮ ಕೈಲೇ ಇಲ್ಲ, ಅದೂ ಗೊತ್ತು. ಅನ್ನಭಾಗ್ಯ ಹಸಿವು ಕಳೆದಿದೆ, ಅದನ್ನ ಆಡಿಕೊಳ್ಳೋರ ಜೊತೆ ನಾನಿಲ್ಲ. ಆದರೆ ತಟ್ಟೆ ತುಂಬ ಅಕ್ಕಿ ಆದರೆ ಸಾಲದು, ಕಾಳು, ರಾಗೀನೂ ಬೇಕು. 2021ರಿಂದ ಜಾರಿಯಾದ ಗೋಹತ್ಯೆ ನಿಷೇಧ ಕಾಯ್ದೆ ಬಡವರ ಅಗ್ಗದ ಪೌಷ್ಟಿಕ ಆಹಾರಕ್ಕೇ ಕೈ ಹಾಕಿತು.

ನಮ್ಮ ಊಟ ಕೀಳು ಅನ್ನೋರಿಗೆ ಒಂದು ಮಾತು. ಆಫ್ರಿಕಾ ತಳಿ, ಭಾರತದ ತಳಿ ಕೂಡಿಸಿ 'ಇಂಡಾಫ್' ರಾಗಿ ಕೊಟ್ಟ ಮಂಡ್ಯ ವಿ.ಸಿ. ಫಾರಂನ ರಾಗಿ ಲಕ್ಷ್ಮಣಯ್ಯನವರು ನಮ್ಮ ಮೈಸೂರು ಸೀಮೆಯ ದಲಿತರ ಮನೆ ಮಗ. ಎಲ್ಲಾ ಜಾತಿಯ ತಟ್ಟೇಲೂ ಅವರ ಬೆವರಿದೆ.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. 1948ರಲ್ಲಿ ಅವರ ಬಾಳಿಗೆ ಬಂದ ಸವಿತಾ ಅವರು ಡಾಕ್ಟರ್, ಊಟ ಔಷಧಿ ನೋಡಿಕೊಂಡರು. ಆದರೂ 65ಕ್ಕೇ ಹೋದರು. ಚಳವಳಿಗೆ ಬೇಕಾದೋರು ಮೈ ಕಡೆಗಣಿಸಬಾರದು ಅಂತ ನಾನು ಇದರಿಂದ ತಿಳ್ಕೊಂಡಿದ್ದೀನಿ.

ಮುಂದಿನ ಸಲ ಡಾಕ್ಟರ್ "ಏನ್ ಊಟ?" ಅಂದರೆ ತಟ್ಟೇಲಿರೋದನ್ನೇ ಹೇಳಿ. ತಲೆ ಎತ್ತಿ ಹೇಳಿ. ನಮ್ಮವ್ವನಿಗೆ ಆ ಧೈರ್ಯ ಕೊಡೋಕೆ ನನಗಾಗಲಿಲ್ಲ. ನಿಮ್ಮವ್ವನ ಜೊತೆ ನೀವು ಒಳಗೆ ಹೋಗಿ ಕೂತ್ಕೊಳಿ.

ಜೈ ಭೀಮ್.