ಹೆಸರು ಉಸುರಿದ ರಾತ್ರಿ

1784ರ ಬೂದಿ ಬುಧವಾರ. ಕೆನರಾ ಕರಾವಳಿಯ ಹುಲ್ಲುಮಾಡಿನ ಮನೆಯಲ್ಲಿ ನೀವು ಉಪವಾಸವಿದ್ದೀರಿ. ಮಗುವಿಗೆಂದು ಇಟ್ಟ ಗಂಜಿ ಒಲೆಯ ಮೇಲೆ ಕುದಿಯುತ್ತಿದೆ. ಅಂಗಳದಲ್ಲಿ ಕುದುರೆ ಕೆನೆಯುತ್ತದೆ. ನಾಯಿ ಎಡೆಬಿಡದೆ ಬೊಗಳಿ ಥಟ್ಟನೆ ಸುಮ್ಮನಾಗುತ್ತದೆ. ಟಿಪ್ಪುವಿನ ಸಿಪಾಯಿಗಳು. ಹೊರಡಿ, ಎಲ್ಲರೂ ಹೊರಡಿ! ಕೈಗೆ ಸಿಕ್ಕಿದ್ದು ಅಕ್ಕಿಯ ಗಂಟು. ಜಪಸರ ಗೋಡೆಯ ಮೊಳೆಯಲ್ಲಿದೆ. ಮಗು ಕಂಕುಳಲ್ಲಿದೆ. ಗಂಟನ್ನು ಕೆಳಗೆ ಹಾಕಿ ಜಪಸರ ಎಳೆದುಕೊಂಡು ಸೆರಗಿನಲ್ಲಿ ಕಟ್ಟುತ್ತೀರಿ. ಘಟ್ಟದ ಬುಡ ತಲುಪುವ ಮೊದಲೇ ಆ ಅಕ್ಕಿಗಾಗಿ ಹೊಟ್ಟೆ ಕಿವುಚುತ್ತದೆ.

ಹಿಂದಿನ ವರ್ಷ ಇಂಗ್ಲಿಷರ ಜನರಲ್ ಮ್ಯಾಥ್ಯೂಸ್ ಮಂಗಳೂರು ಹಿಡಿದಿದ್ದ. ಅವನಿಗೆ ನೆರವಾದರೆಂಬ ಆರೋಪ ನಿಮ್ಮ ಇಡೀ ಕ್ರೈಸ್ತ ಸಮುದಾಯದ ಮೇಲಿದೆ. ಯಾರೋ ನೆರವಾಗಿರಬಹುದು. ಈ ಕಂಕುಳ ಕೂಸು ಏನು ಮಾಡಿತ್ತು? ಪಾದ್ರಿಗಳನ್ನು ಗೋವೆಗೆ ಅಟ್ಟಿದ್ದಾರೆ, ಇಗರ್ಜಿಗಳು ನೆಲಸಮವಾಗುತ್ತಿವೆ.

ಘಟ್ಟವನ್ನು ಬರಿಗಾಲಲ್ಲಿ ಹತ್ತಿದವರಿಗೆ ಸಹ್ಯಾದ್ರಿ ಮೊಣಕಾಲಿಗೆ ಏನು ಮಾಡುತ್ತದೆಂದು ಗೊತ್ತು. ಒಣಗಿದ ತರಗೆಲೆ, ಬತ್ತಿದ ತೊರೆ, ಬೆವರು, ವಾಂತಿಯ ವಾಸನೆ. ಅತ್ತೆ ಕಲ್ಲಿನ ಮೇಲೆ ಕೂತವರು ಏಳುವುದಿಲ್ಲ. ಮಣ್ಣು ಮಾಡಲು ಯಾರೂ ಬಿಡುವುದಿಲ್ಲ. ನಡೆಯುತ್ತೀರಿ, ವಾರಗಟ್ಟಲೆ ನಡೆಯುತ್ತೀರಿ.

ಶ್ರೀರಂಗಪಟ್ಟಣ. ಇಸ್ಲಾಮಿಗೆ ಮತಾಂತರಿಸಲು ಗಂಡನನ್ನು ಕರೆದೊಯ್ಯುತ್ತಾರೆ. ಎದುರುನಿಂತವರ ಮೂಗು, ಕಿವಿ, ಮೇಲ್ದುಟಿ ಕೊಯ್ದು ಕತ್ತೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದ್ದನ್ನು ಅಲ್ಲೇ ಸೆರೆಯಲ್ಲಿದ್ದ ಇಂಗ್ಲಿಷ್ ನಾವಿಕ ಜೇಮ್ಸ್ ಸ್ಕರಿ ಬರೆದಿಟ್ಟಿದ್ದಾನೆ. ನಿಮ್ಮವರು ಮರಳಿದಾಗ ಸುನ್ನತಿಯಾಗಿದೆ, ಜ್ವರ ಸುಡುತ್ತಿದೆ, ಹೊಸ ಹೆಸರು ಬಂದಿದೆ. ಅವರು ಗೋಡೆಯತ್ತ ಮುಖ ಮಾಡಿ ಮಲಗುತ್ತಾರೆ. ಏನೆಂದು ಕರೆಯುವಿರಿ? ಹಳೆಯ ಹೆಸರು ಯಾರ ಕಿವಿಗಾದರೂ ಬಿದ್ದರೆ ಇನ್ನೊಮ್ಮೆ ಎಳೆದೊಯ್ಯುತ್ತಾರೆ. ಬಾಗಿ, ಉಸಿರಿಗಿಂತ ತುಸು ಗಟ್ಟಿಯಾಗಿ, ಹಳೆಯದನ್ನೇ ಅನ್ನುತ್ತೀರಿ. ಅವರ ಬೆನ್ನು ಬಿಕ್ಕುತ್ತದೆ.

ಮುಂದೊಂದು ಇರುಳು ನಿಮಗೆ ಹೆಣ್ಣುಮಗು. ಪಾದ್ರಿ ಇಲ್ಲ. ಸಾವಿನ ಭಯವಿದ್ದಾಗ ಯಾರು ಬೇಕಾದರೂ ನೀರೆರೆದು ದೀಕ್ಷಾಸ್ನಾನ ಕೊಡಬಹುದೆನ್ನುತ್ತದೆ ನಿಮ್ಮ ಧರ್ಮಸಭೆ. ಕೂಸಿನ ಮೈ ತಣ್ಣಗಾಗುತ್ತಿದೆ. ಚೊಂಬಿನಲ್ಲಿ ಕಾವೇರಿ ನೀರು. ಹೊರಗೆ ಹೆಜ್ಜೆ ಸಪ್ಪಳ. ನಿಂತಿತು. ಮತ್ತೆ ಬಂತು. ಈಗಲೇ? ಕೈ ನಡುಗುತ್ತದೆ. ಎರೆಯುತ್ತೀರಿ. ಕೂಸು ಕಿರುಚುತ್ತದೆ, ಅಂಗೈ ಅದರ ಬಾಯಿಗೆ, ನಿಮ್ಮ ಹಲ್ಲು ನಿಮ್ಮ ತುಟಿಗೆ. ಉಪ್ಪುಪ್ಪು ರಕ್ತ. ಹೆಜ್ಜೆಗಳು ದೂರವಾಗುತ್ತವೆ.

1799ರ ಮೇ 4ರಂದು ಕೋಟೆ ಬೀಳುವ ತನಕ, 15 ವರ್ಷ, ಸೆರೆ ಮುಗಿಯುವುದಿಲ್ಲ. ಅದಕ್ಕೂ ಮೊದಲೇ ತಪ್ಪಿಸಿಕೊಂಡ ಕೆಲವರಿಗೆ ಕೊಡಗಿನ ದೊಡ್ಡವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಕೋಟೆ ಬಿದ್ದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದುಬೋಯಿ ಶ್ರೀರಂಗಪಟ್ಟಣಕ್ಕೆ ಬಂದಾಗ, ಬಲವಂತಕ್ಕೆ ಮಣಿದಿದ್ದ ಎಷ್ಟೋ ಮಂದಿ ಅವರ ಬಳಿ ಬಂದು ಮತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ಕತ್ತಿಗೆ ಕೊರಳು ಕೊಟ್ಟವರಷ್ಟೇ ಇವರೂ ನಿಷ್ಠರು, ನಿಮ್ಮ ಗಂಡನೂ. ಊರಿಗೆ ಮರಳಿದ ಬಾರ್ಕೂರಿನವರೊಬ್ಬರು ತಾವು ಕಂಡದ್ದನ್ನೆಲ್ಲ ಬರೆದಿಟ್ಟರು. ಬರೆದದ್ದು ಕನ್ನಡದಲ್ಲಿ.